ಉದುರಿದ ಕಾಯಿಗಳ ಲೆಕ್ಕ

ಜಯಪ್ಪ ಆರು ಸಂಖ್ಯೆಗಳನ್ನು ಪ್ರೀತಿಸತೊಡಗಿ ಒಂದು ವರ್ಷ ಎರಡು ತಿಂಗಳಾಗಿತ್ತು. ನಾನೂರ ಹದಿನೆಂಟು, ಮುನ್ನೂರ ತೊಂಬತ್ತೊಂದು, ನಾನೂರ ಅರವತ್ತೇಳು, ಐನೂರ ಇಪ್ಪತ್ತಮೂರು, ನಾನೂರ ನಲವತ್ತಾರು, ನಾನೂರ ಎರಡು. ಹಲ್ಲುಜ್ಜುವಾಗ, ನಾಪೋಕ್ಲಿನಲ್ಲಿ ಬಸ್ಸಿಗೆ ಕಾಯುವಾಗ, ಹೆಂಡತಿ ರಂಗಮ್ಮ ತವರಿನ ಸುದ್ದಿ ಹೇಳುವಾಗ ಅವು ಕರೆಯದೆಯೇ ಬಂದು ಸಾಲಾಗಿ ನಿಲ್ಲುತ್ತಿದ್ದವು. ಎರಡು ವರ್ಷ ವಾರವಾರವೂ ಕಿತ್ತಳೆ ಗಿಡಗಳ ಬುಡದಲ್ಲಿ ಎಣಿಸಿ ಬರೆದ ಉಳಿದ ನೂರಾರು ಸಂಖ್ಯೆಗಳಲ್ಲಿ ಒಂದೂ ಅವನಿಗೆ ನೆನಪಿರಲಿಲ್ಲ. ಈ ಆರು ಮಾತ್ರ ಬಾಯಿಪಾಠ. ಯಾಕೆಂದರೆ ಇವನ್ನು ಅವನು ಎಣಿಸಿರಲಿಲ್ಲ, ಹೆತ್ತಿದ್ದ.

ಹೆತ್ತದ್ದು ಹಿಂದಿನ ವರ್ಷದ ಆಗಸ್ಟಿನಲ್ಲಿ, ನಾಪೋಕ್ಲಿನ ಬಾಡಿಗೆ ಮನೆಯ ಜಗಲಿಯ ಮೇಲೆ, ಒಂದು ಮಧ್ಯಾಹ್ನ. ಕೃಷಿ ಇಲಾಖೆಯ ಪ್ರಯೋಗದ ತೋಟ ಅಲ್ಲಿಂದ ಮೂರು ಮೈಲಿ. ತೋಟವನ್ನು ಒಂದು ಹೊಳೆ ಸೀಳಿಕೊಂಡು ಹೋಗಿತ್ತು. ಈಚೆ ದಡದ ಬಯಲಿನಲ್ಲಿ ಮೂವತ್ತು ಕಿತ್ತಳೆ ಗಿಡ, ಆಚೆ ದಡದಲ್ಲಿ ದೊಡ್ಡ ಮರಗಳ ನೆರಳಿನ ಕೆಳಗೆ ಮೂವತ್ತು. ಯಾವ ಕಡೆ ಎಳೆಗಾಯಿ ಹೆಚ್ಚು ಉದುರುತ್ತದೆ ಎಂದು ವಾರಕ್ಕೊಮ್ಮೆ ಎಣಿಸಬೇಕು; ಪ್ರಯೋಗವೆಂದರೆ ಇಷ್ಟೇ. ನೆರಳಿನಲ್ಲೇ ಹೆಚ್ಚು ಉದುರುತ್ತದೆ ಎಂದು ಜಯಪ್ಪನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಯಲಿನಲ್ಲಿ ನೆಲೆಸಿದ ರಾಗಿ ಬೆಳೆಯುವವರ ಮನೆಯಲ್ಲಿ ಹುಟ್ಟಿದವನು ಅವನು. ಅಪ್ಪ ಕೆಂಪಣ್ಣ ಬದುವಿನ ಮೇಲೆ ಒಂದು ಹೊಂಗೆಯ ಸಸಿ ತಲೆಯೆತ್ತಿದರೂ ಅದು ತನ್ನ ಅನ್ನಕ್ಕೆ ಕೈ ಹಾಕಲು ಬಂದಿದೆಯೆನ್ನುವಂತೆ ಬೈದುಕೊಂಡು ಕಿತ್ತೆಸೆಯುತ್ತಿದ್ದ. ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ, ಕೊಡಗಿನ ಕೆಲಸಕ್ಕೆ ಬಂದು, ಇಂಗ್ಲಿಷಿನಲ್ಲಿ ‘ಅಂದಾಜು’ ಎಂಬುದಕ್ಕೆ ಐದು ಶಬ್ದ ಕಲಿತ ಮೇಲೂ ನೆರಳು ಎಂದಾಗ ಜಯಪ್ಪನ ಕಣ್ಣಿಗೆ ಬರುತ್ತಿದ್ದುದು ಅಪ್ಪನ ಆ ಸಿಟ್ಟಿನ ಬೆನ್ನೇ.

ಆ ವರ್ಷ ಜುಲೈ ಮೊದಲ ವಾರದಲ್ಲೇ ಹೊಳೆ ಉಕ್ಕಿ ಕಾಲುಸೇತುವೆ ಕೊಚ್ಚಿಕೊಂಡು ಹೋಯಿತು. ಆರು ವಾರ ಆಚೆ ಹೋಗಲಾಗಲಿಲ್ಲ. ಕಾಯಿ ಉದುರುವ ಕಾಲವೂ ಅದೇ ಆರು ವಾರ. ಸುತ್ತಿಕೊಂಡು ಹೋದರೆ ಹನ್ನೊಂದು ಮೈಲಿ, ಹೋಗಬಹುದಿತ್ತು, ಹೋಗಲಿಲ್ಲ. ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತು, ಲೆಕ್ಕದ ಪುಸ್ತಕದಲ್ಲಿ ಖಾಲಿ ಬಿದ್ದ ಆರು ಮನೆಗಳನ್ನು ನೋಡಿ ನೋಡಿ, ಕೊನೆಗೆ ಪೆನ್ಸಿಲ್ ಎತ್ತಿಕೊಂಡ. ಎಷ್ಟು ಶ್ರದ್ಧೆಯಿಂದ ಬರೆದ! ನಾನೂರು ಎಂದು ಬರೆದು ಅಳಿಸಿದ, ದುಂಡಾದ ಸಂಖ್ಯೆ ಸುಳ್ಳಿನ ಹಾಗೆ ಕಾಣುತ್ತದೆ. ಏರುತ್ತಲೇ ಹೋದರೆ ಅನುಮಾನ ಬರುತ್ತದೆಂದು ಎರಡನೇ ವಾರವನ್ನು ಇಳಿಸಿದ. ನಾಲ್ಕನೇ ವಾರಕ್ಕೆ ಒಂದು ಬಿರುಗಾಳಿ ಬೀಸಿತೆಂದು ಕಲ್ಪಿಸಿಕೊಂಡು ಐನೂರು ದಾಟಿಸಿದ. ಮೂರನೇ ವಾರದ ನಾನೂರ ಅರವತ್ತೇಳನ್ನು ಬರೆದಾಗಲಂತೂ ನಿಜವಾಗಿಯೂ ಆ ಕಾಯಿಗಳು ಕಣ್ಣ ಮುಂದೆ ಬಿದ್ದಿದ್ದವು, ಒಂದೆರಡರ ತೊಟ್ಟಿಗೆ ಇರುವೆ ಮುತ್ತಿತ್ತು. ತೋಟಕ್ಕೆ ಹೋಗಿ ಎಣಿಸಿದ ದಿನ ಇಷ್ಟು ಮನಸ್ಸಿಟ್ಟು ಎಂದೂ ಕೆಲಸ ಮಾಡಿರಲಿಲ್ಲ.

ಈಗ, ಐವತ್ತೈದರ ಅಕ್ಟೋಬರಿನ ಈ ಸೋಮವಾರ, ಆ ಆರೂ ಒಂದು ಇಂಗ್ಲಿಷ್ ಕೃಷಿ ಪತ್ರಿಕೆಯ ಪ್ರಬಂಧದಲ್ಲಿ ಅಚ್ಚಾಗಿ ಬಂದಿದ್ದವು. ಅಂಚೆಯಲ್ಲಿ ಬಂದ ಕಟ್ಟನ್ನು ಮೇಲಧಿಕಾರಿ ಪೂವಯ್ಯನವರು ಹಂದಿ ಸೀಳುವ ಕತ್ತಿಯಿಂದ ಬಿಚ್ಚಿದರು. ಸೈನ್ಯದಲ್ಲಿದ್ದು ಬರ್ಮಾದವರೆಗೆ ಹೋಗಿಬಂದು, ಮೀಸೆಯನ್ನೂ ಒಂದಿಷ್ಟು ಶಿಸ್ತನ್ನೂ ಉಳಿಸಿಕೊಂಡು ಇಲಾಖೆ ಸೇರಿದವರು ಅವರು. ಗಿಡಮರಗಳ ಬಗ್ಗೆ ಅವರಿಗಿದ್ದ ಆಸಕ್ತಿಯೆಂದರೆ ಅವುಗಳ ಹಿಂದೆ ಯಾವ ಪ್ರಾಣಿ ಅಡಗಿರಬಹುದು ಎಂಬುದು. ಪ್ರಬಂಧದ ತಲೆಯಲ್ಲಿ ಅವರ ಹೆಸರು ಮೊದಲು, ಜಯಪ್ಪನದು ಅದರ ಕೆಳಗೆ. ಹಾಗೆ ಹಾಕುವುದು ಕ್ರಮ ಎಂದು ಜಯಪ್ಪನೇ ಹಾಕಿದ್ದ. ಪ್ರಬಂಧಕ್ಕೆ ಪೂವಯ್ಯನವರ ಕೊಡುಗೆಯೆಂದರೆ ಮೊದಲ ಪುಟದಲ್ಲಿ ‘ಹೆಚ್ಚು’ ಎಂದಿದ್ದಲ್ಲಿ ‘ಗಣನೀಯವಾಗಿ ಹೆಚ್ಚು’ ಎಂದು ತಿದ್ದಿದ್ದು. ಕೊನೆಯ ಪುಟದಲ್ಲಿ ಕೃತಜ್ಞತೆ ಹೇಳಿದ್ದರು: ಇಲಾಖೆಯ ಮುಖ್ಯಸ್ಥರಿಗೆ, ಮಡಿಕೇರಿಯ ಟೈಪಿಸ್ಟಿಗೆ, ಮಳೆಮಾಪಕ ಎರವಲು ಕೊಟ್ಟ ಸುಬೇದಾರರಿಗೆ. ಕಾಯಿ ಎಣಿಸಿದವರ ಹೆಸರು ಇರಲಿಲ್ಲ. ಎಣಿಸಿದ್ದು ತೋಟದ ಕೆಲಸದ ಚಿಕ್ಕಿ. ಅವಳ ಹೆಸರು ಹಾಕುವ ಯೋಚನೆ ಯಾರಿಗೂ ಬಂದಿರಲಿಲ್ಲ, ಮಳೆಮಾಪಕವಾದರೆ ವಿಜ್ಞಾನ.

ಪೂವಯ್ಯನವರು ಖುಷಿಯಲ್ಲಿದ್ದರು. ರಾಜ್ಯಗಳನ್ನು ಮತ್ತೆ ವಿಂಗಡಿಸುವ ವರದಿ ಬಂದಿತ್ತು, ಕೊಡಗು ಮೈಸೂರಿನೊಳಗೆ ಕರಗಿಹೋಗುತ್ತದೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಕರಗುವ ಮೊದಲು ಈ ಪುಟ್ಟ ರಾಜ್ಯದ ಇಲಾಖೆಯೂ ಏನೋ ಒಂದು ಮಾಡಿತ್ತು ಎಂಬುದಕ್ಕೆ ಕಾಗದದ ಸಾಕ್ಷಿ ಬೇಕು, ಅದು ಇಗೋ ಸಿಕ್ಕಿತು ಎಂದರು. ಜಯಪ್ಪನ ಬಡ್ತಿಯ ಕಡತ ಇನ್ನು ತಾನಾಗಿ ಓಡುತ್ತದೆ ಎಂದರು. ಆಮೇಲೆ ಮೇಜಿನ ಕೆಳಗಿನಿಂದ ಇನ್ನೊಂದು ಕಟ್ಟು ಎತ್ತಿದರು. ಜಯಪ್ಪನಿಗೆ ತಿಳಿಸದೆ, ಅವನನ್ನು ಖುಷಿಪಡಿಸಲೆಂದು, ಪ್ರಬಂಧದ ಸಾರವನ್ನು ಕನ್ನಡದಲ್ಲಿ ಐನೂರು ಕರಪತ್ರ ಮಾಡಿಸಿ ತಿಂಗಳ ಹಿಂದೆಯೇ ತೋಟದವರಿಗೆ ಹಂಚಿಸಿಬಿಟ್ಟಿದ್ದರು, ಉಳಿದದ್ದು ಇವು. ‘ಕಿತ್ತಳೆಯ ಮೇಲಿನ ನೆರಳು ತೆಗೆಯಿರಿ, ಕಾಯಿ ಉಳಿಸಿರಿ’ ಎಂದು ದಪ್ಪಕ್ಷರ. ಅದರ ಕೆಳಗೆ ಸಣ್ಣ ಕೋಷ್ಟಕ. ಕೋಷ್ಟಕದಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲದೆ ಆ ಆರು ವಾರಗಳು ಮಾತ್ರ. ಕನ್ನಡದ ಅಂಕಿಗಳಲ್ಲಿ ನೋಡಿದಾಗ ಅವು ಇನ್ನೂ ಚೆಂದ ಕಂಡವು. ಐನೂರರಲ್ಲಿ ಎಷ್ಟು ಉಳಿದಿವೆಯೆಂದು ಜಯಪ್ಪ ಕಟ್ಟಿನ ಅಂಚನ್ನು ಬೆರಳಲ್ಲಿ ಸರಿಸಿ ನೋಡಿದ.

ನಾಪೋಕ್ಲಿನಾಚೆಯ ಮುತ್ತಮ್ಮ ಎಂಬುವರು ಕರಪತ್ರ ಓದಿ, ನಾಳೆಯಿಂದ ಮರ ಕಡಿಸುತ್ತೇನೆ, ಯಾವುದನ್ನು ಕಡಿಯಬೇಕೆಂದು ಗುರುತು ಹಾಕಲು ಬರೆದವರನ್ನೇ ಕಳಿಸಿ ಎಂದು ಹೇಳಿಕಳಿಸಿದ್ದಾರೆ, ನೀವು ಹೋಗಿ ಎಂದರು ಪೂವಯ್ಯನವರು. ಆಗ ಜಯಪ್ಪ ಹೇಳಬಹುದಿತ್ತು. ಬಾಯಿ ತೆರೆದ ಕೂಡ. ಸುಣ್ಣ ಎಷ್ಟು ಬೇಕಾಗುತ್ತದೆ ಸರ್ ಎಂದು ಕೇಳಿದ.

ಸಂಜೆ ಮನೆಗೆ ಬಂದರೆ ರಂಗಮ್ಮ ಕೈ ಒರೆಸಿಕೊಂಡು ಪ್ರತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಇಂಗ್ಲಿಷ್ ಬಾರದಿದ್ದರೂ ಗಂಡನ ಹೆಸರಿನ ಮೇಲೆ ಬೆರಳಾಡಿಸಿದಳು. ಮೇಲಿನ ಹೆಸರು ಯಾರದು, ಅವರೂ ನಿಮ್ಮ ಜೊತೆ ಕೂತು ಎಣಿಸಿದರಾ ಎಂದು ಕೇಳಿದಳು. ಹಾಗಲ್ಲ ಕಣೇ, ಅದು ಮರ್ಯಾದೆಗೆ ಹಾಕುವುದು ಎಂದ. ಮದುವೆ ಕಾಗದದಲ್ಲಿ ಹಿರಿಯರ ಹೆಸರು ಹಾಕ್ತಾರಲ್ಲ ಹಾಗೆ, ಎಂದುಕೊಂಡು ಅವಳು ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಯಾವ ಪುಟ ತೆರೆದಿದೆಯೆಂದು ಅವಳೇನೂ ನೋಡಲಿಲ್ಲ. ಕುಂಕುಮ ಬಿದ್ದದ್ದು ಮೂರನೇ ಕೋಷ್ಟಕದ ಮೇಲೆ, ಐನೂರ ಇಪ್ಪತ್ತಮೂರರ ನೆತ್ತಿಗೆ. ಜಯಪ್ಪ ಊಟಕ್ಕೆ ಕೂತಲ್ಲಿಂದ ಗೂಡು ನೇರ ಕಾಣುತ್ತಿತ್ತು. ಹುರುಳಿ ಸಾರು ರುಚಿಯಾಗಿತ್ತು, ಎರಡನೇ ಸಲ ಹಾಕಿಸಿಕೊಂಡ. ತಪ್ಪು ಮಾಡಿದವನಿಗೆ ಅನ್ನ ಇಳಿಯುವುದಿಲ್ಲ ಎನ್ನುತ್ತಾರಲ್ಲ, ತನಗೆ ಹೇಗೆ ಇಷ್ಟು ಸಲೀಸಾಗಿ ಇಳಿಯುತ್ತಿದೆ ಎಂದು ಬೇರೆ ಬೇಸರವಾಯಿತು.

ಮರುದಿನ ಬೆಳಗ್ಗೆ ಮುತ್ತಮ್ಮನವರ ತೋಟಕ್ಕೆ ಹೊರಟಾಗ ಸುಣ್ಣದ ಡಬ್ಬ ಹೊತ್ತು ಜೊತೆಗೆ ಬಂದವಳು ಚಿಕ್ಕಿ. ಐವತ್ತರ ಹತ್ತಿರದ ಹೆಂಗಸು. ಹೊಳೆಯಾಚೆಯ ಕೂಲಿಯವರ ಲೈನಿನಲ್ಲಿ ಮನೆ. ಬಾಯಲ್ಲಿ ಯಾವಾಗಲೂ ಎಲೆಯಡಿಕೆ, ಮಾತು ಕಡಿಮೆ. ಇಬ್ಬರೂ ಕಾಫಿ ತೋಟಗಳ ನಡುವಿನ ಕಾಲುಹಾದಿಯಲ್ಲಿ ನಡೆದರು, ಅವನು ಮುಂದೆ, ಅವಳು ಹಿಂದೆ. ಬೆನ್ನ ಹಿಂದೆ ಸುಣ್ಣದ ಡಬ್ಬ ಅಲುಗಿ ಕುಲುಕುಲು ಎನ್ನುತ್ತಿತ್ತು. ಜಯಪ್ಪನಿಗೆ ಕಾಲೇಜಿನ ಒಬ್ಬ ಮೇಷ್ಟರ ನೆನಪಾಯಿತು. ಅಂಕಿಯೆಂದರೆ ಪ್ರಮಾಣ ಮಾಡಿ ನುಡಿದ ಮಾತು ಎಂದು ವರ್ಷಕ್ಕೆ ಎರಡು ಬಾರಿ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಿದ್ದವರು. ಹುಡುಗರು ಅವರ ನಡಿಗೆಯನ್ನು ಅಣಕಿಸುತ್ತಿದ್ದರು. ಚೆನ್ನಾಗಿ ಅಣಕಿಸುತ್ತಿದ್ದವನು ಇವನೇ. ಇದನ್ನೆಲ್ಲ ಯಾರಿಗಾದರೂ ಹೇಳಿಬಿಡಬೇಕು ಎನಿಸಿತು. ಹೇಳಿದರೂ ಏನೂ ಆಗದಂಥ ಯಾರಿಗಾದರೂ. ಹಾಗಂದುಕೊಂಡೇ ಚಿಕ್ಕಿಯನ್ನು ಆರಿಸಿಕೊಂಡದ್ದು ಎಂದು ಹೊಳೆದಾಗ ಅದಕ್ಕೂ ನಾಚಿಕೆಯಾಯಿತು, ಆದರೆ ಆಗಲೇ ಬಾಯಿ ಮಾತಾಡತೊಡಗಿತ್ತು.

“ಚಿಕ್ಕಿ, ಹೋದ ವರ್ಷ ಸೇತುವೆ ಕೊಚ್ಕೊಂಡು ಹೋದಾಗ ಆರು ವಾರ ನಾನು ಆಚೆ ಬರಲಿಲ್ಲ. ಆ ಆರು ವಾರದ ಲೆಕ್ಕ ಮನೇಲಿ ಕೂತು ಸುಮ್ನೆ ಬರೆದ್ಬಿಟ್ಟೆ.”

ಚಿಕ್ಕಿ ಎಲೆಯಡಿಕೆ ಪಕ್ಕದ ಬೇಲಿಗೆ ಉಗಿದು, “ಅದಕ್ಕಾ ನೀವು ನಿನ್ನೆಯಿಂದ ಮುಖ ಹಾಗೆ ಇಟ್ಕೊಂಡಿರೋದು?” ಎಂದಳು. ನಾಲ್ಕು ಹೆಜ್ಜೆ ನಡೆದ ಮೇಲೆ, “ನಾನೂ ಹಾಗೇ ಹೇಳ್ತಿದ್ದೆ ಸಾಮಿ,” ಎಂದಳು.

“ಹಾಗೇ ಅಂದ್ರೆ?”

“ನೀವು ಕಲ್ಲಿನ ಮೇಲೆ ಪುಸ್ತಕ ಹಿಡ್ಕೊಂಡು ಕೂರ್ತಿದ್ರಿ. ನಾನು ಬುಡದಲ್ಲಿ ಬಗ್ಗಿ ನೋಡಿ ಕೂಗಿ ಹೇಳೋದು. ಆಚೆ ಕಡೆ ಕಮ್ಮಿ ಹೇಳಿದ್ರೆ ನಿಮ್ಮ ಮುಖ ಸಣ್ಣ ಆಗ್ತಿತ್ತು. ಸರಿಯಾಗಿ ನೋಡು, ಇನ್ನೊಂದ್ಸಲ ನೋಡು ಅಂತಿದ್ರಿ. ಬಗ್ಗಿ ಬಗ್ಗಿ ಸೊಂಟ ಹೋಯ್ತು. ಆಮೇಲೆ ನಿಮ್ಮ ಮುಖ ನೋಡಿಯೇ ಹೇಳೋಕೆ ಶುರು ಮಾಡಿದೆ. ಆಚೆ ಜಾಸ್ತಿ, ಈಚೆ ಕಮ್ಮಿ. ಆಗ ನೀವು ಬೇಗ ಬರ್ಕೊಳ್ತಿದ್ರಿ.”

ಜಯಪ್ಪ ನಿಂತುಬಿಟ್ಟ. ಅವಳಿಗೆ ಅವನನ್ನು ನೋಡಿ ಪಾಪ ಎನಿಸಿರಬೇಕು. ಪೂರ್ತಿ ಸುಳ್ಳಲ್ಲ, ಹತ್ತು ಇದ್ದರೆ ಹದಿನಾಲ್ಕು ಅನ್ನುತ್ತಿದ್ದೆ, ಐವತ್ತು ಅಂತ ಎಂದೂ ಹೇಳಲಿಲ್ಲ ಎಂದು ಸಮಾಧಾನ ಮಾಡಿದಳು. ತಾನು ಎರಡನೇ ವಾರವನ್ನು ಇಳಿಸಿದ್ದು ನೆನಪಾಗಿ ಅವನಿಗೆ ನಗು ಬಂತು. ಒಂದೇ ಕಸುಬಿನವರು. ಎರಡು ವರ್ಷ ಅವನು ಗಿಡಗಳನ್ನು ನೋಡುತ್ತಿದ್ದೇನೆ ಎಂದುಕೊಂಡಿದ್ದ, ಅವಳು ಅವನ ಮುಖವನ್ನು ನೋಡುತ್ತಿದ್ದಳು, ಗಿಡಗಳನ್ನು ಯಾರೂ ನೋಡಿರಲಿಲ್ಲ. ಮಡಿಕೇರಿಯ ಟೈಪಿಸ್ಟ್ ನಾಲ್ಕು ಪ್ರತಿ ಮಾಡಿ, ಎಲ್ಲೋ ಒಬ್ಬ ವಿದ್ವಾಂಸ ಓದಿ ಮೆಚ್ಚಿ, ಒಳ್ಳೆಯ ಕಾಗದದ ಮೇಲೆ ಅಚ್ಚಾಗಿ ದೇವರ ಗೂಡಿನಲ್ಲಿ ಕೂತಿದ್ದ ಆ ಕೋಷ್ಟಕ ಕಿತ್ತಳೆಯದಲ್ಲ. ಅದು ಜಯಪ್ಪನ ಮುಖ, ಅರವತ್ತು ಗಿಡದಷ್ಟು ದೊಡ್ಡದಾದ ಮುಖ, ಬೇಕಾದ್ದು ಸಿಕ್ಕಾಗ ಅರಳುತ್ತ ಸಿಗದಿದ್ದಾಗ ಸಣ್ಣದಾಗುತ್ತ. ಕೆನ್ನೆಯನ್ನು ಮುಟ್ಟಿ ನೋಡಿಕೊಂಡ. ಈಗಲೂ ಅದು ಏನೋ ಮಾಡುತ್ತಿತ್ತು.

ಒಂದೇ ಒಂದು ಆಸೆ ಉಳಿದಿತ್ತು. “ಆ ಆರು ವಾರ ನೀನು ಆಚೆ ಲೈನಲ್ಲೇ ಇದ್ಯಲ್ಲ. ನಿಜವಾಗಿ ಎಷ್ಟು ಬಿತ್ತು?”

“ನೀವು ಬರ್ಲಿಲ್ಲ, ನಾನು ಎಣಿಸ್ಲಿಲ್ಲ,” ಎಂದಳು ಚಿಕ್ಕಿ. “ಅದರ ಪಾಡಿಗೆ ಅದು ಬಿತ್ತು.”

ಈ ಮಾತು ಅವನನ್ನು ಉಳಿದ ದಾರಿಯುದ್ದಕ್ಕೂ ಕಾಡಿತು. ಯಾರ ಕಣ್ಣಿಗೂ ಬೀಳದೆ, ಯಾವ ಪುಸ್ತಕಕ್ಕೂ ಏರದೆ, ಮಳೆಯಲ್ಲಿ ಕಾಯಿ ಉದುರಿ ಕೊಳೆತು ಮಣ್ಣಾದವು. ಎಷ್ಟು ಎಂದು ಇನ್ನು ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಅಲ್ಲಿ ಅವನು ಒಂದು ಸಂಖ್ಯೆ ಇಟ್ಟಿದ್ದ, ಸತ್ತವರ ಮಂಚದ ಮೇಲೆ ಬೇರೆ ಯಾರನ್ನೋ ಮಲಗಿಸಿದ ಹಾಗೆ.

ಮುತ್ತಮ್ಮ ಎತ್ತರದ, ಒಣಕಲು ಮೈಯ ಮುದುಕಿ. ಗಂಡ ಹೋಗಿ ಹದಿನಾರು ವರ್ಷವಾಗಿತ್ತು, ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಕರಪತ್ರವನ್ನು ಕನ್ನಡಕದ ಗೂಡಿನಲ್ಲೇ ಮಡಚಿಟ್ಟುಕೊಂಡಿದ್ದರು. ಕಾಫಿ ಕೊಟ್ಟು, ತೋಟಕ್ಕೆ ಕರೆದುಕೊಂಡು ಹೋಗಿ, ಮರಗಳನ್ನು ತೋರಿಸಿದರು: ಅತ್ತಿ, ನಂದಿ, ಹಲಸು, ಎಲ್ಲ ಸೇರಿ ಇಪ್ಪತ್ತೆರಡು. ಮಾವನ ಕಾಲದವು, ಕಡಿಯಲು ಮನಸ್ಸಿಲ್ಲ, ಆದರೆ ಲೆಕ್ಕ ಹಾಕಿ ಬರೆದಿದ್ದೀರಿ, ಲೆಕ್ಕದ ಮುಂದೆ ನನ್ನ ಮನಸ್ಸು ಯಾವ ದೊಡ್ಡದು ಎಂದರು. ಮೂವರು ಆಳುಗಳು ಕೊಡಲಿ ಗರಗಸ ಇಟ್ಟುಕೊಂಡು ಬೀಡಿ ಸೇದುತ್ತ ಕೂತಿದ್ದರು. ಜಯಪ್ಪ ಸುಣ್ಣದಲ್ಲಿ ಕುಂಚ ಅದ್ದಿ ಮೊದಲ ಅತ್ತಿಮರಕ್ಕೆ ಅಡ್ಡಗೆರೆ ಎಳೆದ. ಎರಡನೆಯದಕ್ಕೆ ಎಳೆದ. ಕೈ ಸರಾಗವಾಗಿ ಓಡುತ್ತಿತ್ತು, ಅದೇ ಭಯವಾಗುತ್ತಿತ್ತು. ಹೀಗೆಯೇ ಇಪ್ಪತ್ತೆರಡಕ್ಕೂ ಎಳೆದು, ಕಾಫಿ ಕುಡಿದ ಬಾಯಿ ಒರೆಸಿಕೊಂಡು ಮನೆಗೆ ಹೋಗಿಬಿಡಬಲ್ಲೆ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಮೂರನೆಯದಕ್ಕೂ ಎಳೆದ. ನಾಲ್ಕನೆಯದು ಒಂದು ಹಲಸು, ಬುಡದಲ್ಲಿ ಕೆಂಜಿಗದ ಗೂಡು. ಇದನ್ನು ಕಡಿಯುವಾಗ ಜಾಗ್ರತೆ ಎಂದು ಹೇಳಲು ತಿರುಗಿದವನ ಬಾಯಿಂದ ಬೇರೆಯೇ ಮಾತು ಬಂತು.

“ಕಡಿಸ್ಬೇಡಿ ಅಮ್ಮ. ಆ ಲೆಕ್ಕ ಸುಳ್ಳು. ನಾನು ಎಣಿಸಲೇ ಇಲ್ಲ.”

ಮುತ್ತಮ್ಮ ಕನ್ನಡಕ ಹಾಕಿಕೊಂಡು ಕರಪತ್ರ ಬಿಡಿಸಿ, ಯಾವ ಲೆಕ್ಕ, ತೋರಿಸಿ ಎಂದರು. ಅವನು ಒಂದೊಂದಾಗಿ ಬೆರಳಿಟ್ಟು ತೋರಿಸಿದ. ಇದು? ಇದೂ. ಇದು? ಇದೂ ಅಮ್ಮ. ಆರೂ ಮುಗಿದ ಮೇಲೆ, ಹಾಗಾದರೆ ನೆರಳಿನಲ್ಲಿ ಕಡಿಮೆ ಉದುರುತ್ತದಾ ಎಂದು ಕೇಳಿದರು. ಅದೂ ಗೊತ್ತಿಲ್ಲ ಎಂದ. ಏನು ಗೊತ್ತು ಎಂದು ಕೇಳಿದರು. ಏನೂ ಗೊತ್ತಿಲ್ಲ ಎಂದ. ಸುಳ್ಳು ಹೇಳಿದೆ ಎನ್ನುವುದಕ್ಕಿಂತ ಇದನ್ನು ಹೇಳುವುದು ಕಷ್ಟವಾಯಿತು. ಆಳುಗಳಲ್ಲೊಬ್ಬ ಬೀಡಿ ಆರಿಸಿ ಕುತೂಹಲದಿಂದ ಹತ್ತಿರ ಬಂದ.

ಮುತ್ತಮ್ಮ ಬೈಯಲಿಲ್ಲ. ಗುರುತು ಹಾಕಿದ್ದು ಎಷ್ಟು ಮರಕ್ಕೆ ಎಂದು ಎಣಿಸಿ, ಅದನ್ನು ಅಳಿಸಿ ಎಂದರು. ಚಿಕ್ಕಿ ಸೆರಗು ಸುತ್ತಿಕೊಂಡು ಮುಂದೆ ಬಂದಾಗ, ಅವಳಲ್ಲ, ನೀವು ಎಂದರು. ಸುಣ್ಣ ತೊಗಟೆಯ ಬಿರುಕುಗಳೊಳಗೆ ಇಳಿದುಬಿಟ್ಟಿತ್ತು. ಜಯಪ್ಪ ಹೆಗಲ ಮೇಲಿನ ಟವೆಲನ್ನು ಕೊಡದ ನೀರಿನಲ್ಲಿ ಅದ್ದಿ ಅದ್ದಿ ಉಜ್ಜಿದ. ಒಣಗಿದರೆ ಮತ್ತೆ ಬೆಳ್ಳಗೆ ಕಾಣುತ್ತಿತ್ತು, ಮತ್ತೆ ಉಜ್ಜಬೇಕು. ಆಳುಗಳು ನೋಡುತ್ತ ಕೂತರು. ಒಂದು ಗಂಟೆ ಹಿಡಿಯಿತು. ಬೆರಳ ಸಂದಿಯೆಲ್ಲ ಸುಟ್ಟಂತಾಗಿ ಕೆಂಪಾಯಿತು. ಮೂರನೇ ಮರ ಮುಗಿಯುವ ಹೊತ್ತಿಗೆ ಅವನಿಗೆ ನಾಚಿಕೆ ಎನ್ನುವುದೆಲ್ಲ ತೀರಿಹೋಗಿ ಈ ತೊಗಟೆ ಎಷ್ಟು ಒರಟು, ಇದರಲ್ಲಿ ಎಷ್ಟು ಬಗೆಯ ಹುಳಗಳಿವೆ ಎಂದು ನೋಡುತ್ತಿದ್ದ. ಮರವೊಂದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ ಇದೇ ಮೊದಲು.

ಕೈ ತೊಳೆದು ಹೊರಟವನನ್ನು ಮುತ್ತಮ್ಮ ನಿಲ್ಲಿಸಿದರು. “ಊಟ ಮಾಡಿ ಹೋಗಿ. ಹಸಿವಂತೂ ಸುಳ್ಳಲ್ಲವಲ್ಲ.” ಕಡುಬು ಕೋಳಿಸಾರು ಬಡಿಸುತ್ತ, ಪೂವಯ್ಯ ತಮಗೆ ಸಂಬಂಧದಲ್ಲಿ ತಮ್ಮನಾಗಬೇಕೆಂದೂ ತಾವು ಅವನಿಗೆ ಏನೂ ಹೇಳುವುದಿಲ್ಲವೆಂದೂ ತಿಳಿಸಿದರು. “ನಾನು ಹೇಳಿದ್ರೆ ಅದು ಚಾಡಿ ಆಗ್ತದೆ. ಹೇಳೋದು ನಿಮ್ಮ ಕೆಲಸ. ಬೇರೆಯವರೂ ಈ ಕಾಗದ ಓದಿರ್ತಾರೆ.”

ಆ ಸಂಜೆ ರಂಗಮ್ಮನಿಗೆ ಹೇಳಿದ. ಅವಳು ಒಲೆಯ ಸೌದೆ ಹಿಂದಕ್ಕೆಳೆದಳು. ಬೆಳಗ್ಗೆಯೇ ಅಪ್ಪನಿಗೆ ಕಾಗದ ಬರೆಸಿ ಹಾಕಿಬಿಟ್ಟೆನಲ್ಲ, ನಾಳೆ ನಾಡಿದ್ದರಲ್ಲಿ ಅವರು ಊರೆಲ್ಲ ಹೇಳಿಕೊಂಡು ಬರುತ್ತಾರೆ ಎಂದಳು. ಆಮೇಲೆ ಎದ್ದು ಹೋಗಿ ಗೂಡಿನಿಂದ ಪ್ರಬಂಧ ತೆಗೆದಳು. ಹರಿಯಲಿಲ್ಲ, ಎಸೆಯಲಿಲ್ಲ, ಟ್ರಂಕಿನ ತಳಕ್ಕೆ ಸೇರಿಸಿದಳು. ದೇವರ ಮುಂದೆ ಇಡುವ ಮೊದಲೇ ಒಂದು ಮಾತು ಹೇಳಬಹುದಿತ್ತು ನೀವು, ಎಂದಳು. ಅಷ್ಟೇ.

ಪೂವಯ್ಯನವರಿಗೆ ಹೇಳಿದ್ದು ಮರುದಿನ ಬೆಳಗ್ಗೆ. ಅವರು ಕೋವಿಯ ನಳಿಗೆಗೆ ಎಣ್ಣೆ ಹಾಕುತ್ತಿದ್ದರು, ಹಾಕುತ್ತಲೇ ಇದ್ದರು. ಜಯಪ್ಪ ತನ್ನ ಆರು ಸಂಖ್ಯೆಯನ್ನೂ ಚಿಕ್ಕಿಯ ಮಾತನ್ನೂ ಮುತ್ತಮ್ಮನವರ ಮರಗಳನ್ನೂ ಹೇಳಿ ಮುಗಿಸಿದಾಗ, ಅವರ ಮೊದಲ ಪ್ರಶ್ನೆ ಅವನು ನಿರೀಕ್ಷಿಸಿದ್ದಾಗಿರಲಿಲ್ಲ. ನನ್ನ ಹೆಸರು ಮೊದಲಿದೆ ಅಲ್ಲವಾ ಎಂದರು. ಇದೆ ಎಂದ. ಹಾಗಾದರೆ ಸುಳ್ಳು ಹೇಳಿದವರಲ್ಲಿ ನಾನು ಮೊದಲನೆಯವನು, ನೀವು ಎರಡನೆಯವರು. ಇಲ್ಲ ಸರ್, ನಿಮಗೆ ಗೊತ್ತೇ ಇರಲಿಲ್ಲ, ಹಾಗೆಂದು ಪತ್ರಿಕೆಗೆ ಬರೆಯುತ್ತೇನೆ ಎಂದ ಜಯಪ್ಪ. ಪೂವಯ್ಯನವರು ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ನಡೆದರು. ಗೊತ್ತಿರಲಿಲ್ಲ ಎಂದರೆ ಓದಿರಲಿಲ್ಲ ಎಂದಾಯಿತು. ಓದದೆ ಹೆಸರು ಹಾಕಿಸಿಕೊಂಡವನು ಎಂದಾಯಿತು. ಸುಳ್ಳನಾಗುವುದು ಮೇಲೋ ಓದದವನಾಗುವುದು ಮೇಲೋ ಎಂದು ಅವರು ಗಟ್ಟಿಯಾಗಿಯೇ ತೂಗಿದರು. ಕೆಲವು ಕ್ಷಣ ಸುಳ್ಳನಾಗುವುದೇ ಗೌರವ ಎಂಬ ಕಡೆ ವಾಲಿದಂತೆ ಕಂಡಿತು, ಅದರಲ್ಲಿ ಒಂದಿಷ್ಟು ಎದೆಗಾರಿಕೆಯಾದರೂ ಇದೆ. ಪತ್ರಿಕೆಗೆ ಏನೂ ಬರೆಯದೆ ಬಿಟ್ಟರೆ ಹೇಗೆ ಎಂದೂ ಕೇಳಿದರು, ಕಿಟಕಿಯ ಕಡೆ ಮುಖ ಮಾಡಿ. ಆ ಪ್ರಶ್ನೆಯನ್ನು ಜಯಪ್ಪನೂ ಒಂದು ವರ್ಷ ಎರಡು ತಿಂಗಳು ಕೇಳಿಕೊಂಡಿದ್ದ.

“ಸೈನ್ಯದಲ್ಲಿ ಕಾವಲಿಗೆ ನಿಂತು ನಿದ್ದೆ ಹೋದವನನ್ನು ಏನು ಮಾಡ್ತಾರೆ ಗೊತ್ತಾ ಜಯಪ್ಪ?” ಎಂದರು ಕೊನೆಗೆ. “ಶತ್ರು ಒಳಗೆ ಬರದೇ ಇದ್ರೂ ಅವನಿಗೆ ಶಿಕ್ಷೆ. ಇಲ್ಲಿ ಬಂದಾಗಿದೆ. ನಾನು ಓದ್ಲಿಲ್ಲ ಅಂತಲೇ ಬರೀರಿ.”

ಪತ್ರ ಬರೆಯಲು ಎರಡು ದಿನ ಹಿಡಿಯಿತು. ಜಯಪ್ಪನ ಮೊದಲ ಕರಡು ಮೂರು ಪುಟವಿತ್ತು. ಪಶ್ಚಾತ್ತಾಪ, ಮಳೆ, ಸೇತುವೆ, ಹನ್ನೊಂದು ಮೈಲಿ, ಎಲ್ಲ ಇದ್ದವು. ಪೂವಯ್ಯನವರು ಈ ಸಲ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿ, ಇಲ್ಲಿ ನೀವು ಅಳುತ್ತಿದ್ದೀರಿ, ಇಲ್ಲಿ ಇನ್ನೂ ಮಳೆಯ ಮೇಲೆ ಹಾಕುತ್ತಿದ್ದೀರಿ ಎಂದು ಹೊಡೆದುಹಾಕಿದರು. ಹೊಡೆದೂ ಹೊಡೆದೂ ಉಳಿದದ್ದು ಒಂಬತ್ತು ಸಾಲು. ಮೊದಲು ತಾವೇ ರುಜು ಹಾಕಿದರು. ಅವರಿಬ್ಬರೂ ಕೂಡಿ ಬರೆದ ಮೊದಲ ಪ್ರಬಂಧ ಎಂದರೆ ಇದೇ ಎಂದು ಜಯಪ್ಪನಿಗೆ ಅನಿಸಿತು.

ಆಮೇಲೆ ಕರಪತ್ರಗಳನ್ನು ವಾಪಸು ತರುವ ಕೆಲಸ. ಪೂವಯ್ಯನವರು ಜೀಪು ಹತ್ತಿ, ಶರಣಾದವರ ಕೋವಿ ಒಟ್ಟುಮಾಡುವ ಗತ್ತಿನಲ್ಲಿ ತೋಟ ತೋಟ ತಿರುಗಿದರು. ಇನ್ನೂರ ಚಿಲ್ಲರೆ ಸಿಕ್ಕವು. ಕೆಲವಕ್ಕೆ ಒಣಮೀನಿನ ವಾಸನೆ, ಕೆಲವು ಕಿಟಕಿಯ ಒಡೆದ ಗಾಜಿಗೆ ಅಂಟಿದ್ದವು, ಒಂದರ ಹಿಂದೆ ಯಾರೋ ಇಸ್ಪೀಟಿನ ಅಂಕ ಬರೆದಿದ್ದರು. ಬಹಳ ಜನ ಓದೇ ಇರಲಿಲ್ಲ. ಇಲಾಖೆಯ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಹತ್ತು ವರ್ಷ ಕೊರಗಿದ್ದವರು ಅದಕ್ಕಾಗಿ ಈಗ ಮನಸ್ಸಿನಲ್ಲೇ ಕೈಮುಗಿದರು.

ಓದಿ, ನಂಬಿ, ಕಡಿದವನು ಕೂಸಪ್ಪ ಒಬ್ಬನೇ. ನಾಪೋಕ್ಲು ದಾಟಿ ನಾಲ್ಕು ಮೈಲಿಯಲ್ಲಿ ಅವನ ತೋಟ. ಒಂಬತ್ತು ಮರ ಉರುಳಿದ್ದವು. ಜಯಪ್ಪ ಒಬ್ಬನೇ ಹೋದ. ಬುಡಗಳು ಹಸಿಯಾಗಿದ್ದವು, ಒಂದರ ಸುತ್ತನ್ನು ಬೆರಳಲ್ಲಿ ಎಣಿಸಲು ಹೋಗಿ ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು. ಕಿತ್ತಳೆ ಗಿಡಗಳ ಮೇಲೆ ಬಿಸಿಲು ನೇರ ಬಿದ್ದು ಎಲೆಗಳು ಅಂಚಿನಲ್ಲಿ ಸುರುಟಿಕೊಂಡಿದ್ದವು. ಬಿಸಿಲಿಗೋ, ಬೇರೆ ಯಾವ ಕಾರಣಕ್ಕೋ, ಅವನಿಗೆ ಗೊತ್ತಿರಲಿಲ್ಲ. ತಪ್ಪೊಪ್ಪಿಗೆಯನ್ನು ಅವನು ದಾರಿಯಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ. ಕೂಸಪ್ಪ ಅದನ್ನು ಅರ್ಧ ಕೇಳಿ ನಕ್ಕುಬಿಟ್ಟ. ತಮ್ಮನ ಮನೆ ಕಟ್ಟಲು ಮರ ಬೇಕಾಗಿತ್ತು, ಅಮ್ಮ ಕಡಿಯಲು ಬಿಡುತ್ತಿರಲಿಲ್ಲ, ಸರ್ಕಾರದ ಕಾಗದ ತೋರಿಸಿದ ಮೇಲೆ ಬಾಯಿ ಮುಚ್ಚಿದಳು, ನಿಮ್ಮಿಂದ ಬಹಳ ಉಪಕಾರವಾಯಿತು ಎಂದು ಒಂದು ಬಾಳೆಗೊನೆ ಕಡಿದುಕೊಟ್ಟ. ಬೇಡ ಎಂದರೆ ಕೇಳಲಿಲ್ಲ. ಹಿತ್ತಲ ಬಾಗಿಲಲ್ಲಿ ಒಬ್ಬ ಮುದುಕಿ ನಿಂತು ಇವನನ್ನೇ ನೋಡುತ್ತಿದ್ದಳು. ಬಾಳೆಗೊನೆ ಹೊತ್ತು ನಾಲ್ಕು ಮೈಲಿ ನಡೆದ ಜಯಪ್ಪನಿಗೆ ಆ ಮುದುಕಿಯ ಹತ್ತಿರ ಒಂದು ಮಾತು ಹೇಳಬೇಕಿತ್ತು ಎಂದು ಹೊಳೆದದ್ದು ಮನೆಯ ಮೆಟ್ಟಿಲಲ್ಲಿ. ಮುಂದಿನ ಭಾನುವಾರ ಮತ್ತೆ ಹೋದ. ಅವಳು ಎಲ್ಲ ಕೇಳಿ, ಮರ ಹೋಯಿತಲ್ಲ ಮಗ, ಎಂದು ಒಳಗೆ ಹೋದಳು.

ಪತ್ರಿಕೆ ಆ ಒಂಬತ್ತು ಸಾಲನ್ನೂ ಅಚ್ಚು ಹಾಕಲಿಲ್ಲ. ಎಮ್ಮೆಗಳ ಕೆಚ್ಚಲುಬಾವಿನ ಕುರಿತ ಲೇಖನವೊಂದು ಮುಗಿದು ಪುಟದ ಕೆಳಗೆ ಜಾಗ ಉಳಿದಿದ್ದಲ್ಲಿ ಮೂರು ಸಾಲು ಬಂತು: ಈ ಪ್ರಬಂಧದ ಅಂಕಿಗಳು ನಂಬಲರ್ಹವಲ್ಲವೆಂದು ಲೇಖಕರೇ ತಿಳಿಸಿರುವುದರಿಂದ ಅದನ್ನು ಹಿಂತೆಗೆದುಕೊಳ್ಳಲಾಗಿದೆ. ತನ್ನ ಜೀವಮಾನದ ಅತಿ ದೊಡ್ಡ ನಾಚಿಕೆಗೆ ಎಮ್ಮೆಯ ಕೆಚ್ಚಲ ಕೆಳಗೆ ಜಾಗ ಸಿಕ್ಕಿದ್ದು ಜಯಪ್ಪನಿಗೆ ಮೊದಲು ಅವಮಾನವಾಗಿ, ಎರಡು ದಿನ ಕಳೆದ ಮೇಲೆ ಒಂದು ಬಗೆಯ ಬಿಡುಗಡೆಯಾಗಿ ಕಂಡಿತು. ಬಡ್ತಿಯ ಕಡತ ಓಡಲಿಲ್ಲ; ಮೇಲಿನ ಹುದ್ದೆಗೆ ಅವನಿಗಿಂತ ಎರಡು ವರ್ಷ ಕಿರಿಯನೊಬ್ಬ ಬಂದ. ಪೂವಯ್ಯನವರಿಗೆ ಮಡಿಕೇರಿಯಿಂದ ಒಂದು ಚುಟುಕಾದ, ಖಾರವಾದ ಕಾಗದ ಬಂತು, ಅವರು ಅದನ್ನು ಎದ್ದುನಿಂತು ಓದಿಕೊಂಡರು. ಆದರೆ ಪ್ರಯೋಗ ಮತ್ತೆ ಮಾಡಿ ಎಂದರು. ಮೈಸೂರಿಗೆ ಸೇರುವ ಹೊತ್ತಿಗೆ ಕೊಡುವುದಕ್ಕೆ ಏನೂ ಇಲ್ಲವಲ್ಲ ಎಂದು ಜಯಪ್ಪ ಕೇಳಿದ್ದಕ್ಕೆ, ಏನೂ ಇಲ್ಲ ಎಂದೇ ಕೊಡೋಣ ಎಂದರು.

ಐವತ್ತಾರರ ಜುಲೈನಲ್ಲಿ ಮತ್ತೆ ಎಣಿಕೆ. ಈ ಸಲದ ಏರ್ಪಾಡು ಜಯಪ್ಪನದೇ. ಎರಡು ದಡದಲ್ಲೂ ಚಿಕ್ಕಿ ಪ್ರತಿ ಗಿಡದ ಕಾಯಿಗಳನ್ನು ಆರಿಸಿ ಬೇರೆ ಬೇರೆ ಚೀಲಕ್ಕೆ ಹಾಕಬೇಕು, ಚೀಲಕ್ಕೆ ಅಂಕಿಯ ಬಿಲ್ಲೆ ಮಾತ್ರ. ಯಾವ ಅಂಕಿ ಯಾವ ದಡದ್ದು ಎಂಬ ಪಟ್ಟಿ ಪೂವಯ್ಯನವರ ಕೋವಿಯ ಪೆಟ್ಟಿಗೆಯಲ್ಲಿ, ಬೀಗದ ಕೆಳಗೆ. ಚೀಲ ಸುರಿದು ಅವಳೂ ಜಯಪ್ಪನೂ ಎಣಿಸಬೇಕು; ಹೊಂದದಿದ್ದರೆ ಮತ್ತೆ ಸುರಿಯಬೇಕು. ಮೊದಲ ವಾರಗಳಲ್ಲಿ ಚಿಕ್ಕಿ ಸಂಖ್ಯೆ ಹೇಳುವ ಮುನ್ನ ಅಭ್ಯಾಸಬಲದಿಂದ ಅವನ ಕಡೆ ನೋಡುತ್ತಿದ್ದಳು. ಯಾವ ಚೀಲ ಎಲ್ಲಿಯದು ಎಂದು ತಿಳಿಯದ ಆ ಮುಖದಲ್ಲಿ ಓದಿಕೊಳ್ಳುವಂಥದ್ದು ಏನೂ ಇರುತ್ತಿರಲಿಲ್ಲ. ನೆರಳೋ ಬಯಲೋ ಎಂಬುದರ ಉತ್ತರ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ನವೆಂಬರಿಗೆ ರಾಜ್ಯ ಹೋಗುತ್ತದೆ, ಇಲಾಖೆ ಎಲ್ಲಿರುತ್ತದೋ, ಲೆಕ್ಕ ಮುಗಿಯುತ್ತದೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಜಯಪ್ಪ ಪುಸ್ತಕದ ಮೊದಲ ಪುಟದಲ್ಲಿ ಎಣಿಸಿದವರು ಎಂದು ಚಿಕ್ಕಿಯ ಹೆಸರನ್ನೂ ತನ್ನ ಹೆಸರನ್ನೂ ಬರೆದಿದ್ದ. ಅದನ್ನು ಅವಳಿಗೆ ಓದಿ ಹೇಳಿದಾಗ, ಸಂಬಳದಲ್ಲಿ ಏನಾದರೂ ಹೆಚ್ಚಾಗುತ್ತದಾ ಎಂದು ಕೇಳಿದ್ದಳು. ಇಲ್ಲ ಎಂದಿದ್ದ.

ಅಂದು ಶುಕ್ರವಾರ. ಕಚೇರಿಯ ಚಾವಡಿಯಲ್ಲಿ ಚೀಲಗಳನ್ನು ಸಾಲಾಗಿ ಇಟ್ಟಿದ್ದರು. ಐದನೆಯದರಲ್ಲಿ ಹನ್ನೊಂದು, ಇಬ್ಬರದೂ ಹೊಂದಿತು. ಆರನೆಯದು ಹೊಂದದೆ ಎರಡು ಸಲ ಸುರಿದು ಒಂಬತ್ತಾಯಿತು. ಏಳರ ಚೀಲ ಇರಲಿಲ್ಲ.

“ಏಳು?” ಎಂದ ಜಯಪ್ಪ.

“ಅಲ್ಲಿ ಬುಡದಲ್ಲಿ ಹಾವು ಸುತ್ಕೊಂಡು ಮಲಗಿತ್ತು. ನಾನು ನೋಡ್ಲಿಲ್ಲ.”

ಅವಳು ಅವನ ಮುಖದ ಕಡೆ ನೋಡಲಿಲ್ಲ. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಹಿಮ್ಮಡಿಗೆ ಕಚ್ಚಿದ್ದ ಜಿಗಣೆಗೆ ಸುಣ್ಣ ಹಚ್ಚುತ್ತಿದ್ದಳು. ಜಯಪ್ಪ ಏಳನೆಯ ಮನೆಯಲ್ಲಿ ‘ನೋಡಿಲ್ಲ’ ಎಂದು ಬರೆದು ಎಂಟರ ಚೀಲವನ್ನು ನೆಲಕ್ಕೆ ಸುರಿದ.